ಬಿಟ್ಟ ಮೆಟ್ಟಿಲಿನಿಂದಲೇ

ಸೆಪ್ಟೆಂಬರ್ ತಿಂಗಳ ಒಂದು ಸೋಮವಾರ. ನಾಡಗೀತೆ ಮುಗಿದು ಮಕ್ಕಳೆಲ್ಲ ಒಳಗೆ ಬಂದು ಕುಳಿತ ಮೇಲೆ ಎರಡನೆಯ ತರಗತಿಯ ಹುಡುಗಿಯೊಬ್ಬಳು ಬಾಗಿಲ ಬಳಿ ಬಂದು ನಿಂತಳು. ಐದು ವಾರಗಳಿಂದ ಅವಳು ಶಾಲೆಗೆ ಬಂದಿರಲಿಲ್ಲ. ತಲೆಗೆ ಎಣ್ಣೆ ಹಾಕಿ, ಎರಡು ಜಡೆ ಹೆಣೆದು, ಕೆಂಪು ಟೇಪು ಕಟ್ಟಿ ಅಜ್ಜಿ ಚೆನ್ನಾಗಿಯೇ ಕಳಿಸಿದ್ದರು. ಬೆರಳ ಸಂದುಗಳಲ್ಲಿ ಮಾತ್ರ ಹೊಗೆಸೊಪ್ಪಿನ ಅಂಟು ಕಪ್ಪಗೆ ಕೂತಿತ್ತು. ಅದು ಒಂದೆರಡು ಸಲ ಸೋಪು ಹಾಕಿ ತೊಳೆದರೆ ಹೋಗುವಂಥದ್ದಲ್ಲ. ಏಕೆ ಬರಲಿಲ್ಲ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಚಪ್ಪಲಿ ಬಿಟ್ಟವಳೇ ನೇರವಾಗಿ ಗೋಡೆಯ ಮೇಲಿನ ಕಲಿಕಾ ಏಣಿಯ, ಅಂದರೆ ಪಾಠಗಳನ್ನು ಮೆಟ್ಟಿಲುಗಳಾಗಿ ಜೋಡಿಸಿದ ಪಟದ, ಹತ್ತಿರ ಹೋಗಿ, ತನ್ನ ಹೆಸರು ಬರೆದ ಬಟ್ಟೆ ಕ್ಲಿಪ್ಪು ಎಲ್ಲಿದೆ ಎಂದು ಹುಡುಕಿದಳು. ಆಗಸ್ಟ್ ಮೊದಲ ವಾರದಲ್ಲಿ ಸಿಕ್ಕಿಸಿದ್ದ ಮೆಟ್ಟಿಲಿನಲ್ಲಿಯೇ ಅದು ಇತ್ತು. ಅದನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿ, ಆ ಮೆಟ್ಟಿಲಿನ ಗುರುತಿರುವ ಕಾರ್ಡನ್ನು ಟ್ರೇಯಿಂದ ತೆಗೆದುಕೊಂಡು ಗುಂಪಿನಲ್ಲಿ ಹೋಗಿ ಕುಳಿತಳು. ಅಷ್ಟೆ. ಪಾಠ ಎಲ್ಲಿಗೆ ಬಂದಿದೆ ಎಂದು ಪಕ್ಕದವರನ್ನು ಕೇಳುವ ಸಂಕಟ ಅವಳಿಗಿರಲಿಲ್ಲ, ಏಕೆಂದರೆ ಅವಳ ಪಾಠ ಅವಳು ಬಿಟ್ಟುಹೋದ ಜಾಗದಲ್ಲಿಯೇ ಇತ್ತು.

ನಾನು ಕೆಲಸ ಮಾಡುವುದು ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ. ಒಂದರಿಂದ ಐದನೆಯ ತರಗತಿಯವರೆಗೆ ಒಟ್ಟು ಮೂವತ್ತೊಂದು ಮಕ್ಕಳು, ಇಬ್ಬರು ಶಿಕ್ಷಕರು. ನಾಲ್ಕು, ಐದನೆಯ ತರಗತಿಗಳನ್ನು ಮುಖ್ಯ ಶಿಕ್ಷಕರು ನೋಡಿಕೊಳ್ಳುತ್ತಾರೆ. ಒಂದು, ಎರಡು, ಮೂರನೆಯ ತರಗತಿಯ ಹತ್ತೊಂಬತ್ತು ಮಕ್ಕಳು ಒಂದೇ ಕೋಣೆಯಲ್ಲಿ ನನ್ನ ಜೊತೆ ಇರುತ್ತಾರೆ. ಅದು ನಲಿ-ಕಲಿ ಕೋಣೆ, ಅಂದರೆ ಮಗು ಕಾರ್ಡುಗಳ ಮೂಲಕ ತನ್ನದೇ ವೇಗದಲ್ಲಿ ಕಲಿಯುವ ಪದ್ಧತಿಯ ಕೋಣೆ. ಕರ್ನಾಟಕದ ಸರ್ಕಾರಿ ಶಾಲೆಯನ್ನು ಬಲ್ಲವರಿಗೆ ಆ ಕೋಣೆಯ ಚಿತ್ರ ಕಣ್ಣಿಗೆ ಕಟ್ಟಿದಂತಿರುತ್ತದೆ: ತಲೆಯ ಮೇಲೆ ದಾರದ ಚಪ್ಪರ, ಅದರಿಂದ ಇಳಿಬಿದ್ದ ಮಕ್ಕಳ ಚಿತ್ರಗಳು, ಗೋಡೆಯ ಬುಡದಲ್ಲಿ ಮಕ್ಕಳ ಕೈಗೆಟಕುವ ಎತ್ತರಕ್ಕೆ ಬಳಿದ ಕಪ್ಪು ಹಲಗೆ, ಹವಾಮಾನ ನಕ್ಷೆ, ನೆಲದ ಮೇಲೆ ದುಂಡಗೆ ಕುಳಿತ ಗುಂಪುಗಳು.

ಈ ಪದ್ಧತಿ ಹುಟ್ಟಿದ್ದು ನಮ್ಮ ತಾಲ್ಲೂಕಿನಲ್ಲಿಯೇ ಎಂಬುದನ್ನು ಹೊಸದಾಗಿ ಬಂದ ಶಿಕ್ಷಕರಿಗೆ ನಾನು ತಪ್ಪದೆ ಹೇಳುತ್ತೇನೆ. ಆಂಧ್ರಪ್ರದೇಶದ ಮದನಪಲ್ಲಿಯ ಹತ್ತಿರದ ಋಷಿ ವ್ಯಾಲಿಯಲ್ಲಿ ರಮಾ ಮತ್ತು ಪದ್ಮನಾಭ ರಾವ್ ದಂಪತಿ ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ಕಾರ್ಡುಗಳ ಮೂಲಕ ಕಲಿಸುವ ಒಂದು ಕ್ರಮವನ್ನು ರೂಪಿಸಿದ್ದರು. ಕೋಟೆ ತಾಲ್ಲೂಕಿನ ಕೆಲವು ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ ಬಂದು, 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಇಲ್ಲಿಯ ಶಾಲೆಗಳಲ್ಲಿ ಅದನ್ನು ಕನ್ನಡಕ್ಕೆ, ನಮ್ಮ ಮಕ್ಕಳಿಗೆ ಒಗ್ಗುವಂತೆ ಮಾಡಿಕೊಂಡರು. ಕಾರ್ಡುಗಳನ್ನು ಬರೆದವರು, ಹಾಡು ಕಟ್ಟಿದವರು, ಚಿತ್ರ ಬಿಡಿಸಿದವರು ತರಗತಿಯಲ್ಲಿ ದಿನವೂ ನಿಲ್ಲುತ್ತಿದ್ದ ಶಿಕ್ಷಕರೇ. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆ ಇದು ವಿಸ್ತರಿಸಿತು, ಮುಂದೆ ಮೂರನೆಯ ತರಗತಿಗೂ ಬಂತು. ಮೇಲಿನಿಂದ ಇಳಿದು ಬರುವ ಯೋಜನೆಗಳನ್ನು ನಾನು ನನ್ನ ನೌಕರಿಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ಇದು ಮಾತ್ರ ನೆಲದಿಂದ ಮೇಲಕ್ಕೆ ಹೋದದ್ದು.

ಹೊರಗಿನಿಂದ ನೋಡಿದವರಿಗೆ ಗದ್ದಲವೆನ್ನಿಸುವ ಈ ಕೋಣೆಯ ಒಳಗೆ ಒಂದು ಕಟ್ಟುನಿಟ್ಟಾದ ಕ್ರಮವಿದೆ. ಕಲಿಯಬೇಕಾದದ್ದನ್ನೆಲ್ಲ ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಏಣಿಯ ಮೇಲೆ ಜೋಡಿಸಿರುತ್ತದೆ. ಕೆಲವು ಮೆಟ್ಟಿಲುಗಳು ಸೇರಿ ಒಂದು ಮೈಲಿಗಲ್ಲು. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರದ ಗುರುತು, ಅದೇ ಗುರುತಿನ ಒಂದು ಕಾರ್ಡು. ಓದಲು ಬಾರದ ಮಗುವಿಗೂ ಚಿತ್ರ ಗೊತ್ತಾಗುತ್ತದೆ, ಆದ್ದರಿಂದ ತನ್ನ ಕಾರ್ಡನ್ನು ತಾನೇ ಹುಡುಕಿಕೊಳ್ಳುತ್ತದೆ. ಕಾರ್ಡಿನಲ್ಲಿರುವ ಚಟುವಟಿಕೆಗೆ ತಕ್ಕಂತೆ ಮಗು ಕೂರಬೇಕಾದ ಗುಂಪು ಬದಲಾಗುತ್ತದೆ. ಹೊಸ ವಿಷಯವಾದರೆ ಶಿಕ್ಷಕರ ಪೂರ್ಣ ಬೆಂಬಲದ ಗುಂಪು, ಸ್ವಲ್ಪ ಹಿಡಿತ ಬಂದ ಮೇಲೆ ಭಾಗಶಃ ಬೆಂಬಲದ ಗುಂಪು, ಆಮೇಲೆ ಸಹಪಾಠಿಗಳ ಪೂರ್ಣ ಬೆಂಬಲದ ಗುಂಪು, ಸಹಪಾಠಿಗಳ ಭಾಗಶಃ ಬೆಂಬಲದ ಗುಂಪು, ಕೊನೆಗೆ ತಾನೇ ಕಲಿಯುವ ಗುಂಪು. ಹೀಗಾಗಿ ಮೂರನೆಯ ತರಗತಿಯ ಮಗು ಒಂದನೆಯ ತರಗತಿಯ ಮಗುವಿಗೆ ಹೇಳಿಕೊಡುತ್ತ ಕುಳಿತಿರುವುದು ಇಲ್ಲಿ ದಿನನಿತ್ಯದ ನೋಟ. ಯಾವ ಮಗು ಎಲ್ಲಿದೆ ಎಂಬುದನ್ನು ಗುರುತಿಸಲು ಪ್ರಗತಿ ನೋಟವೆಂಬ ಪಟ್ಟಿ ಇದೆ. ಬಟ್ಟೆ ಕ್ಲಿಪ್ಪು ಮಾತ್ರ ನಾನು ಸೇರಿಸಿಕೊಂಡದ್ದು. ಕೋಟೆಯ ಸಂತೆಯಲ್ಲಿ ಎರಡು ಡಜನ್ ಮರದ ಕ್ಲಿಪ್ಪು ತಂದು, ಒಂದೊಂದರ ಮೇಲೂ ಒಂದೊಂದು ಹೆಸರು ಬರೆದು ಏಣಿಯ ಅಂಚಿಗೆ ಸಿಕ್ಕಿಸಿದೆ. ಒಂದು ಮೆಟ್ಟಿಲು ಮುಗಿದಾಗ ಮಗುವೇ ತನ್ನ ಕೈಯಾರೆ ಅದನ್ನು ಮೇಲಕ್ಕೆ ಸರಿಸಬೇಕು. ಎತ್ತರದ ಮೆಟ್ಟಿಲಿಗೆ ಕೈ ಎಟಕದವರು ಸ್ಟೂಲು ಎಳೆದುಕೊಂಡು ಹೋಗಿ ಹತ್ತುತ್ತಾರೆ. ಆ ಗಳಿಗೆಯಲ್ಲಿ ಅವರ ಮುಖ ನೋಡಬೇಕು.

ಅಕ್ಷರ ಕಲಿಸುವ ಕ್ರಮದ ಬಗ್ಗೆ ಸ್ವಲ್ಪ ಹೇಳಲೇಬೇಕು, ಏಕೆಂದರೆ ತಂದೆತಾಯಂದಿರು ಹೆಚ್ಚು ಗಾಬರಿಯಾಗುವುದು ಇಲ್ಲಿಯೇ. ನಾವೆಲ್ಲ ಅ, ಆ, ಇ, ಈ ಎಂದು ವರ್ಣಮಾಲೆಯ 49 ಅಕ್ಷರಗಳನ್ನು ಸಾಲಾಗಿ ತಿದ್ದಿ ಬೆಳೆದವರು. ಒಂದು ಪದವನ್ನೂ ಓದುವ ಮೊದಲೇ ಋಕಾರವನ್ನು ತಿದ್ದುತ್ತಿದ್ದೆವು. ನಲಿ-ಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಬರೆಯಲು ಸುಲಭವಾದ, ಒಂದನ್ನೊಂದು ಹೋಲುವ ಸುತ್ತುಗಳಿರುವ ಅಕ್ಷರಗಳಿವು. ಕಾಗುಣಿತವಿಲ್ಲ, ಒತ್ತಿಲ್ಲ. ಆದರೆ ಈ ಐದು ಅಕ್ಷರ ಬಂದರೆ ಸಾಕು, ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಓದಬಲ್ಲದು. ಮುಂದಿನ ಕಂತಿನಲ್ಲಿ ಜ, ವ, ಮ, ಬ, ನ ಬಂದಾಗ ಮರ, ಜನ, ವನ, ಗಮನ, ಬಸವ ಎಲ್ಲವೂ ಕೈಗೆ ಬರುತ್ತವೆ. ಶಾಲೆಗೆ ಸೇರಿದ ಕೆಲವೇ ವಾರಗಳಲ್ಲಿ ಮಗು ಓದುಗನಾಗುತ್ತದೆ, ಅದೂ ಅರ್ಥವಿರುವ ಪದಗಳನ್ನು. ಗರಗಸವೆಂದರೆ ನಮ್ಮ ಮಕ್ಕಳಿಗೆ ಪ್ರಾಣ. ನಾಲ್ಕು ಅಕ್ಷರದ ಅಷ್ಟುದ್ದದ ಪದವನ್ನು ತಾನೇ ಓದಿದೆನೆಂಬ ಹೆಮ್ಮೆಗೆ, ಮರ ಕೊಯ್ಯುವ ಹಾಗೆ ಕೈ ಆಡಿಸುತ್ತ ಅದನ್ನು ಹತ್ತು ಸಲ ಓದುತ್ತಾರೆ. ಆದರೆ ಮಗು ಹುಟ್ಟಿದಾಗಿನಿಂದ ಆಡುವ 'ಅಮ್ಮ' ಎಂಬ ಮಾತನ್ನು ಓದಲು ಒತ್ತಕ್ಷರದವರೆಗೆ ಕಾಯಬೇಕು. ಬಾಯಿಗೆ ಮೊದಲು ಬಂದ ಪದ ಕಣ್ಣಿಗೆ ಅಷ್ಟು ತಡವಾಗಿ ಸಿಗುತ್ತದೆ ಎಂಬುದು ನನಗೆ ಪಾಠ ಮಾಡಲು ಶುರುಮಾಡಿದ ಮೇಲೆಯೇ ಹೊಳೆದದ್ದು.

ಕಲಿಕೆಯ ದಾರಿಯಲ್ಲಿ ಮಕ್ಕಳು ಮಾಡುವ ತಪ್ಪುಗಳು ನನಗೆ ಬಹಳ ಕಲಿಸಿವೆ. ಹಸುವಿನ ಚಿತ್ರದ ಕೆಳಗೆ 'ಹಸು' ಎಂದು ಬರೆದಿದ್ದರೆ ಒಬ್ಬ ಹುಡುಗ ನಿರಾಯಾಸವಾಗಿ 'ದನ' ಎಂದು ಓದಿದ್ದ. ಅವನು ಓದಿದ್ದು ಚಿತ್ರವನ್ನು. ಅಂದಿನಿಂದ ಚಿತ್ರವನ್ನು ಅಂಗೈಯಿಂದ ಮುಚ್ಚಿ ಓದಿಸುವ ಅಭ್ಯಾಸ ಮಾಡಿಕೊಂಡೆ. ಇನ್ನೊಬ್ಬಳು 'ಹಣ್ಣು' ಎಂದು ಬರೆಯಲು ಹೇಳಿದರೆ 'ಅಣ್ಣು' ಎಂದು ಬರೆದಳು. ಅವಳ ಮನೆಯಲ್ಲಿ ಅದು ಅಣ್ಣೇ. ಅವಳ ಕಿವಿ ಸರಿಯಾಗಿ ಕೇಳಿದ್ದನ್ನು ಅವಳ ಕೈ ಸರಿಯಾಗಿಯೇ ಬರೆದಿದೆ. ಅದಕ್ಕೆ ಕೆಂಪು ಗೆರೆ ಎಳೆದರೆ ಅವಳ ಮನೆಯ ಮಾತಿಗೇ ಗೆರೆ ಎಳೆದಂತೆ ಎಂದು ನನಗನ್ನಿಸುತ್ತದೆ. 'ಮನೇಲಿ ನಾವು ಹಿಂಗಂತೀವಿ, ಪುಸ್ತಕದಲ್ಲಿ ಹಿಂಗೆ ಬರೀತೀವಿ' ಎಂದು ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು ತೋರಿಸುತ್ತೇನೆ. ಹಾಡಿಯಿಂದ, ಅಂದರೆ ಆದಿವಾಸಿಗಳ ಕೇರಿಯಿಂದ, ಬರುವ ಜೇನುಕುರುಬರ ಮಕ್ಕಳಿಗಂತೂ ಶಾಲೆಯ ಕನ್ನಡ ಇನ್ನೂ ಒಂದು ಹೆಜ್ಜೆ ದೂರ. ಅವರು ಮೊದಲ ತಿಂಗಳು ಮಾತೇ ಆಡದೆ ಕುಳಿತರೂ ಕಾರ್ಡಿನ ಆನೆ, ಕಾಡುಕೋಳಿ, ಜೇನಿನ ಚಿತ್ರ ಬಂದಾಗ ಎಲ್ಲರಿಗಿಂತ ಮೊದಲು ಅವರ ಕೈ ಮುಂದೆ ಬರುತ್ತದೆ.

ಇನ್ನು ಹೊಗೆಸೊಪ್ಪಿನ ಮಾತು. ಹುಣಸೂರು, ಪಿರಿಯಾಪಟ್ಟಣದಂತೆ ನಮ್ಮ ತಾಲ್ಲೂಕಿನಲ್ಲಿಯೂ ಅದು ಮುಖ್ಯ ಬೆಳೆ. ಮುಂಗಾರಿಗೆ ನಾಟಿಯಾದ ಗಿಡದ ಎಲೆಗಳು ಬುಡದಿಂದ ಮೇಲಕ್ಕೆ ಹಂತಹಂತವಾಗಿ ಹಣ್ಣಾಗುತ್ತವೆ. ಆದ್ದರಿಂದ ಜುಲೈನಿಂದ ಶುರುವಾದರೆ ವಾರ ವಾರವೂ ಎರಡು ಮೂರು ಎಲೆ ಮುರಿಯಬೇಕು, ಮುರಿದ ದಿನವೇ ಕಡ್ಡಿಗೆ ಕಟ್ಟಬೇಕು, ಎಲೆ ಬೇಯಿಸುವ ಮನೆಯಾದ ಬ್ಯಾರನ್‌ಗೆ ಏರಿಸಿ ಸುಮಾರು ಒಂದು ವಾರ ಬೆಂಕಿ ನೋಡಿಕೊಂಡು ಬೇಯಿಸಬೇಕು. ದೊಡ್ಡವರು ಕಟ್ಟುವಾಗ ಎಲೆಗಳನ್ನು ಎರಡೆರಡಾಗಿ ಜೋಡಿಸಿ ಎತ್ತಿಕೊಡುವ ಕೆಲಸಕ್ಕೆ ಸಣ್ಣ ಕೈಗಳು ಒದಗುತ್ತವೆ. ಒದ್ದೆ ಎಲೆಯನ್ನು ಮುಟ್ಟಿ ಮುಟ್ಟಿ ನಿಕೋಟಿನ್ ಚರ್ಮದ ಮೂಲಕ ಒಳಗೆ ಇಳಿದು ತಲೆಸುತ್ತು, ವಾಂತಿ ಬರುವುದುಂಟು. ಇದು ಆಗಬಾರದ ಕೆಲಸ, ಕಾನೂನೂ ಒಪ್ಪದ ಕೆಲಸ. ಆ ಹುಡುಗಿಯ ಮನೆಗೆ ನಾನು ಮೂರು ಸಲ ಹೋಗಿದ್ದೆ. ಜಗುಲಿಯ ಮೇಲೆ ಎಲೆಯ ರಾಶಿಯ ನಡುವೆ ಕುಳಿತಿದ್ದ ಅಜ್ಜಿ, 'ಸೊಪ್ಪು ನಮಗೋಸ್ಕರ ಕಾಯಾಕಿಲ್ಲ ಕಣ್ ಟೀಚರಮ್ಮ. ಇವ್ಳವ್ವ ಒಬ್ಳೇ ಏನ್ ಮಾಡ್ತಾಳೆ?' ಎಂದರು. ಎಲೆ ಹಳದಿಗೆ ತಿರುಗಿದ ಮೇಲೆ ಒಂದು ದಿನ ತಡವಾದರೂ ವರ್ಷದ ದುಡ್ಡು ಕೈತಪ್ಪುತ್ತದೆ ಎಂದು ಬಲ್ಲವರ ಮುಂದೆ ನಾನು ಕಾನೂನು ಹೇಳಿದರೆ ಅವರು ತಲೆಯಾಡಿಸುತ್ತಾರೆ, ಮರುದಿನ ಮಗುವನ್ನು ಬೇರೆ ಕಡೆ ಕೂರಿಸುತ್ತಾರೆ. ಮೂರನೆಯ ಸಲ ಹೋದಾಗ, ಅರ್ಧ ದಿನವಾದರೂ ಕಳಿಸಿ ಎಂದು ಕೇಳಿಕೊಂಡೆ. ಅಜ್ಜಿ ಮಗುವಿನ ಕೈ ನೋಡಿದರು, ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಸೋಮವಾರ ಅವಳು ಬಂದಳು.

ಸಾಮಾನ್ಯ ತರಗತಿಯಲ್ಲಿ ಐದು ವಾರ ತಪ್ಪಿಸಿಕೊಂಡ ಮಗುವಿಗೆ ಏನಾಗುತ್ತದೆ ಎಂಬುದನ್ನು ನಾನು ಬಲ್ಲೆ, ಏಕೆಂದರೆ ನಾನು ಅಂಥ ಮಗುವಾಗಿದ್ದೆ. ಎರಡನೆಯ ತರಗತಿಯಲ್ಲಿ ಕಾಮಾಲೆಯಾಗಿ ಒಂದೂವರೆ ತಿಂಗಳು ಮಲಗಿದ್ದು, ವಾಪಸು ಹೋದಾಗ ಹಲಗೆಯ ಮೇಲೆ ದಶಕ ಕೂಡಿ ಕಳೆಯುವ ಲೆಕ್ಕ ನಡೆಯುತ್ತಿತ್ತು. ದಶಕ ಎಂದರೇನು ಎಂದು ಕೇಳಲು ಹೆದರಿ ಸುಮ್ಮನೆ ಕುಳಿತೆ, ಆ ಹೆದರಿಕೆ ಏಳನೆಯ ತರಗತಿಯವರೆಗೂ ಬಿಡಲಿಲ್ಲ. ಪಾಠ ಮುಂದೆ ಹೋಗುತ್ತದೆ, ಮಗು ಹಿಂದೆ ಉಳಿಯುತ್ತದೆ, ಆಮೇಲೆ ಅದಕ್ಕೆ ದಡ್ಡ ಎಂಬ ಹೆಸರು ಬರುತ್ತದೆ. ಏಣಿ ಇರುವ ಕೋಣೆಯಲ್ಲಿ ಹಿಂದೆ ಉಳಿಯುವುದು ಎಂಬುದಕ್ಕೇ ಅಷ್ಟು ಅರ್ಥವಿಲ್ಲ.

ಇದರ ಬೆಲೆ ನನಗೆ ಪೂರ್ತಿಯಾಗಿ ತಿಳಿದದ್ದು 2021ರ ಅಕ್ಟೋಬರ್ 25ರಂದು. ಕೊರೊನಾದಿಂದಾಗಿ 2020ರ ಮಾರ್ಚಿನಲ್ಲಿ ಮುಚ್ಚಿದ್ದ ಒಂದರಿಂದ ಐದನೆಯ ತರಗತಿಗಳು ಹತ್ತೊಂಬತ್ತು ತಿಂಗಳ ನಂತರ ಅಂದು ತೆರೆದವು. ನಡುವೆ ವಿದ್ಯಾಗಮದ ಹೆಸರಿನಲ್ಲಿ ದೇವಸ್ಥಾನದ ಪೌಳಿಯಲ್ಲಿ, ಅರಳಿಕಟ್ಟೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕೆಲವು ದಿನ ಪಾಠ ಮಾಡಿದ್ದೆವು, ಅದೂ ನಿಂತಿತ್ತು. ಅಂದು ನನ್ನ ಮುಂದೆ ಕುಳಿತ ಎರಡನೆಯ ತರಗತಿಯ ಮಕ್ಕಳಲ್ಲಿ ಒಬ್ಬರೂ ಅದುವರೆಗೆ ಶಾಲೆಯ ಕೋಣೆಯೊಳಗೆ ಕಾಲಿಟ್ಟವರಲ್ಲ. ಮೂರನೆಯ ತರಗತಿಯವರು ಒಂದನೆಯ ತರಗತಿಯನ್ನೂ ಪೂರ್ತಿ ಮುಗಿಸಿದವರಲ್ಲ. ನಾನು ಅವರ ತರಗತಿಯ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬಿಟ್ಟು, ಎಲ್ಲರನ್ನೂ ಏಣಿಯ ಮುಂದೆ ನಿಲ್ಲಿಸಿ, ಒಬ್ಬೊಬ್ಬರನ್ನೇ ಓದಿಸಿ ನೋಡಿ ಕ್ಲಿಪ್ಪು ಸಿಕ್ಕಿಸಿದೆ. ಮೂರನೆಯ ತರಗತಿಯ ನಾಲ್ವರು ರ, ಗ, ಸ, ದ, ಅ ಬಳಿ ನಿಂತರು. ಯಾರೂ ನಾಚಲಿಲ್ಲ, ಯಾರೂ ನಗಲಿಲ್ಲ. ಏಪ್ರಿಲ್ ಹೊತ್ತಿಗೆ ಅವರಲ್ಲಿ ಮೂವರು ಕಾಗುಣಿತ ದಾಟಿದ್ದರು.

ಈ ಪದ್ಧತಿಯಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳಲಾರೆ. ಐದು ಗುಂಪು, ಮೂರು ತರಗತಿಗಳನ್ನು ಒಬ್ಬಳೇ ನಿಭಾಯಿಸುವಾಗ ಬೆಂಬಲ ಬೇಕಾದ ಮಗುವಿನ ಬಳಿಗೆ ಹೋಗುವಷ್ಟರಲ್ಲಿ ಗಂಟೆ ಬಾರಿಸಿರುತ್ತದೆ. ಇನ್ನೊಬ್ಬ ಶಿಕ್ಷಕರು ತರಬೇತಿಗೋ ಚುನಾವಣೆ ಕೆಲಸಕ್ಕೋ ಹೋದ ದಿನ ಐದೂ ತರಗತಿಗಳು ನನ್ನ ಪಾಲಿಗೆ ಬರುತ್ತವೆ, ಅಂದು ಏಣಿ ಗೋಡೆಯ ಮೇಲಿನ ಚಿತ್ರವಷ್ಟೆ. ಕಾರ್ಡುಗಳು ಹರಿಯುತ್ತವೆ, ಹೊಸವು ಬರುವವರೆಗೆ ಟೇಪು ಅಂಟಿಸಿ, ಕಳೆದುಹೋದದ್ದನ್ನು ರಟ್ಟಿನ ಮೇಲೆ ಕೈಯಿಂದ ಬರೆದು ನಡೆಸುತ್ತೇವೆ. 'ಪುಸ್ತಕ ಇಲ್ಲ, ಹೋಂವರ್ಕ್ ಇಲ್ಲ, ಬರೀ ಕುಣಿಸ್ತಾರೆ' ಎಂದು ಮಕ್ಕಳನ್ನು ಬಿಡಿಸಿ ಖಾಸಗಿ ಶಾಲೆಯ ಹಳದಿ ವ್ಯಾನಿಗೆ ಹತ್ತಿಸಿದ ತಂದೆತಾಯಂದಿರೂ ನಮ್ಮ ಊರಲ್ಲಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಗು ಇಂಗ್ಲಿಷ್ ಕಲಿಯಲಿ ಎಂಬ ಅವರ ಆಸೆ ನ್ಯಾಯವಾದದ್ದೇ. ಆದರೆ ಮಗು ಯಾವುದನ್ನಾದರೂ ಕಲಿಯಲು ತನಗೆ ಅರ್ಥವಾಗುವ ಒಂದು ಮಾತಿನಲ್ಲಿ ಮೊದಲು ಓದುವಂತಾಗಬೇಕು ಎಂಬುದನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ನಾನು ಪ್ರತಿ ವರ್ಷವೂ ಹೇಳುತ್ತೇನೆ, ಇನ್ನು ಮುಂದೆಯೂ ಹೇಳುತ್ತೇನೆ.

ದಿನದ ಉಳಿದ ಹೊತ್ತೂ ಕಲಿಕೆಯೇ. ಬೆಳಿಗ್ಗೆ ಕ್ಷೀರಭಾಗ್ಯದ ಹಾಲು ಬರುತ್ತದೆ. 2013ರ ಆಗಸ್ಟಿನಲ್ಲಿ ಶುರುವಾದ ಈ ಯೋಜನೆಯಲ್ಲಿ 18 ಗ್ರಾಂ ಪುಡಿಯಿಂದ ಒಂದು ಮಗುವಿಗೆ 150 ಮಿಲಿ ಲೀಟರ್ ಹಾಲು. ಲೋಟಗಳನ್ನು ಎಣಿಸಿ ಸಾಲಾಗಿ ಇಡುವುದು ಮಕ್ಕಳ ಪಾಳಿ. ಮಧ್ಯಾಹ್ನದ ಬಿಸಿಯೂಟಕ್ಕೆ ಐದನೆಯ ತರಗತಿಯವರೆಗಿನ ಪ್ರತಿ ಮಗುವಿಗೆ 100 ಗ್ರಾಂ ಅಕ್ಕಿಯ ಲೆಕ್ಕ. 'ಇವತ್ತು ಇಪ್ಪತ್ತೇಳು ಜನ, ಎಷ್ಟು ಅಕ್ಕಿ ಅಳೀಲಿ?' ಎಂದು ಅಡುಗೆಯ ಅಕ್ಕ ಬಾಗಿಲಲ್ಲಿ ನಿಂತು ಕೇಳಿದಾಗ ಮೂರನೆಯ ತರಗತಿಯವರು ಉತ್ತರ ಹೇಳಬೇಕೆಂದು ನಾವಿಬ್ಬರೂ ಒಪ್ಪಂದ ಮಾಡಿಕೊಂಡಿದ್ದೇವೆ. ಎರಡು ಕಿಲೋ ಏಳುನೂರು ಗ್ರಾಂ ಎಂಬ ಉತ್ತರ ತಪ್ಪಾದರೆ ಅನ್ನ ಸಾಲದೆ ಹೋಗುತ್ತದೆ ಎಂದು ಅವರಿಗೆ ಗೊತ್ತು. ಅಂಥ ಜವಾಬ್ದಾರಿಯಿರುವ ಲೆಕ್ಕವನ್ನು ಅವರು ಎರಡು ಸಲ ಮಾಡಿ ನೋಡುತ್ತಾರೆ.

ಲೆಕ್ಕದ ವಿಷಯಕ್ಕೆ ಬಂದರೆ, ನಮ್ಮ ಶಾಲೆಯ ಅಂಗಳದಲ್ಲಿ ಮಾಡಿದ ಮೆಟ್ರಿಕ್ ಮೇಳದ ಒಂದು ಪ್ರಸಂಗ ನೆನಪಾಗುತ್ತದೆ. ಮಕ್ಕಳು ಮನೆಯಿಂದ ಸೊಪ್ಪು, ನಿಂಬೆಹಣ್ಣು, ಅವರೆಕಾಯಿ, ಕಡಲೆಕಾಯಿ ತಂದು ಗೋಣಿತಾಟಿನ ಮೇಲೆ ಹರಡಿ ಕುಳಿತಿದ್ದರು. ಕಳೆಯುವ ಲೆಕ್ಕದ ಮೆಟ್ಟಿಲಿನಲ್ಲಿ ಇಪ್ಪತ್ತು ದಿನಗಳಿಂದ ನಿಂತುಬಿಟ್ಟಿದ್ದ ಒಬ್ಬ ಹುಡುಗನ ಬಳಿ ನಾನು ಹದಿನೇಳು ರೂಪಾಯಿಯ ಅವರೆಕಾಯಿ ಕೊಂಡು ಐವತ್ತರ ನೋಟು ಕೊಟ್ಟೆ. ಅವನು ನನ್ನ ಅಂಗೈಯಲ್ಲಿ ಮೊದಲು ಮೂರು ರೂಪಾಯಿ ಇಟ್ಟು 'ಇಪ್ಪತ್ತು' ಎಂದ. ಮೂರು ಹತ್ತರ ನೋಟು ಇಡುತ್ತ 'ಮೂವತ್ತು, ನಲವತ್ತು, ಐವತ್ತು. ಸರಿಯಾಯ್ತು ಮಿಸ್' ಎಂದ. ಅವನು ಕಳೆಯಲೇ ಇಲ್ಲ, ಕೂಡುತ್ತ ಹೋದ. ಅಪ್ಪನ ಜೊತೆ ಸಂತೆಯಲ್ಲಿ ಕುಳಿತು ಕಲಿತ ದಾರಿ ಅದು. ಸೊನ್ನೆಯಿಂದ ಏಳು ಹೋಗುವುದಿಲ್ಲ, ಪಕ್ಕದಿಂದ ಒಂದು ತಗೋ ಎಂದು ನಾನು ಅವನಿಗೆ ಇಪ್ಪತ್ತು ದಿನ ಹೇಳುತ್ತಿದ್ದೆ. ಮರುದಿನ ಅವನ ದಾರಿಯನ್ನೇ ಹಲಗೆಯ ಮೇಲೆ ಬರೆದು ಎಲ್ಲರಿಗೂ ತೋರಿಸಿದೆ, ಆಮೇಲೆ ಅಲ್ಲಿಂದ ಕಾರ್ಡಿನ ದಾರಿಗೆ ಬಂದೆವು. ಆ ವಾರವೇ ಅವನ ಕ್ಲಿಪ್ಪು ಮೇಲಕ್ಕೆ ಹೋಯಿತು.

ವರ್ಷದ ಕೊನೆಗೆ ಶಾಲೆಯ ಸಾಧನೆಗಳನ್ನು ಬರೆದು ಕೊಡಬೇಕಾಗುತ್ತದೆ. ಆ ಕಾಲಮ್ಮಿನಲ್ಲಿ ಪ್ರತಿಭಾ ಕಾರಂಜಿಯ ಬಹುಮಾನ ಬರೆಯಬಹುದು. ಕ್ಲಸ್ಟರ್ ಮಟ್ಟದಲ್ಲಿ ಜೇಡಿಮಣ್ಣಿನ ಮಾದರಿ ಮಾಡುವುದರಲ್ಲಿ ನಮ್ಮ ಹಾಡಿಯ ಹುಡುಗನೊಬ್ಬ ಮೊದಲ ಸ್ಥಾನ ಪಡೆದದ್ದನ್ನು ನಾನು ಬಹಳ ಸಂತೋಷದಿಂದಲೇ ಬರೆದೆ. ಮರಿಯಾನೆಯನ್ನು ಕಾಲಿನ ನಡುವೆ ನಿಲ್ಲಿಸಿಕೊಂಡ ತಾಯಿ ಆನೆಯನ್ನು ಮಾಡಿದ್ದ, ಬಾಲದ ತುದಿಯ ಕೂದಲನ್ನೂ ಬಿಟ್ಟಿರಲಿಲ್ಲ. ಆದರೆ ಐದು ವಾರ ಹೊಗೆಸೊಪ್ಪಿನಲ್ಲಿ ಕೂತಿದ್ದ ಮಗು ಮಾರ್ಚ್ ತಿಂಗಳಲ್ಲಿ ಒತ್ತಕ್ಷರದ ಮೆಟ್ಟಿಲಿಗೆ ಬಂದು, 'ಅಮ್ಮ' ಎಂಬ ಪದವನ್ನು ಓದಿ, ಒಂದು ಗಳಿಗೆ ಸುಮ್ಮನಿದ್ದು, 'ಮಿಸ್, ಇದು ಇಷ್ಟೇಯಾ?' ಎಂದು ಕೇಳಿದ್ದನ್ನು ಬರೆಯಲು ಅಲ್ಲಿ ಜಾಗವಿಲ್ಲ. ನನ್ನ ಮಟ್ಟಿಗೆ ಆ ವರ್ಷ ನಮ್ಮ ಶಾಲೆಯಲ್ಲಿ ನಡೆದ ದೊಡ್ಡ ಸಂಗತಿ ಅದೇ.

ಅವಳೀಗ ನಾಲ್ಕನೆಯ ತರಗತಿಯಲ್ಲಿ ಮುಖ್ಯ ಶಿಕ್ಷಕರ ಕೋಣೆಯಲ್ಲಿದ್ದಾಳೆ. ಈ ವರ್ಷದ ಸೊಪ್ಪಿನ ಕಾಲದಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ಅವಳ ತಮ್ಮ ಒಂದನೆಯ ತರಗತಿಗೆ ಸೇರಿದ್ದಾನೆ. ಜುಲೈ ಕೊನೆಯ ವಾರ ಅವನು ಮೂರು ದಿನ ಬರಲಿಲ್ಲ. ಅಂದು ಸಂಜೆ ಅಜ್ಜಿಯ ಮನೆಗೆ ಹೋಗಬೇಕೆಂದುಕೊಂಡು, ಊಟದ ಬಿಡುವಿನಲ್ಲಿ ಏಣಿಯ ಮೇಲಿನ ದೂಳು ಒರೆಸಲು ಕ್ಲಿಪ್ಪುಗಳನ್ನು ತೆಗೆಯುತ್ತಿದ್ದೆ. ಅವಳು ತಟ್ಟೆ ತೊಳೆದ ಒದ್ದೆ ಕೈಯಲ್ಲಿ ಓಡಿ ಬಂದು ಬಾಗಿಲಲ್ಲಿ ನಿಂತಳು.

'ಮಿಸ್, ನಮ್ಮ ತಮ್ಮಂದು ತೆಗೀಬ್ಯಾಡಿ. ಅವ್ನು ಜ-ವ-ಮ-ದತ್ರ ಇದ್ದ. ಅಲ್ಲೇ ಇರ್ಲಿ. ನಾಳೆ ನಾನೇ ಕರ್ಕೊಂಡ್ ಬತ್ತೀನಿ.'